ಸೇತುವೆಯ ಈಚೆಗಿನ ಊರು

ಉದ್ಯೋಗನಿಮಿತ್ತವಾಗಿ ಅಮೆರಿಕಕ್ಕೆ ಹೊರಡುವ ಕನ್ನಡಿಗನು ತಾನು ನ್ಯೂಯಾರ್ಕಿಗೆ ಹೋಗುತ್ತಿರುವೆನೆಂದು ಬಂಧುಮಿತ್ರರಿಗೆಲ್ಲ ಹೇಳಿಯೇ ವಿಮಾನವನ್ನೇರುತ್ತಾನೆ. ಆದರೆ ಮ್ಯಾನ್‌ಹಟನ್ನಿನ ಮನೆಬಾಡಿಗೆಯನ್ನು ವಿಚಾರಿಸಿದ ಮೇಲೆ ಅವನು ಸಂಸಾರವನ್ನು ಹೂಡುವುದು ಅನೇಕ ವೇಳೆ ಹಡ್ಸನ್ ನದಿಯ ಪಶ್ಚಿಮ ತೀರದಲ್ಲಿ, ಮತ್ತೊಂದು ರಾಜ್ಯವಾದ ನ್ಯೂಜೆರ್ಸಿಯಲ್ಲಿ. ಆ ತೀರದ ಊರುಗಳಲ್ಲಿ ಫೋರ್ಟ್ ಲೀ ಒಂದು. ಪ್ಯಾಲಿಸೇಡ್ಸ್ ಎಂಬ ಕಡಿದಾದ ಬಂಡೆಸಾಲಿನ ನೆತ್ತಿಯ ಮೇಲಿರುವ ಈ ಊರಿನಲ್ಲಿ 2020ರ ಜನಗಣತಿಯಂತೆ ಸುಮಾರು 40,000 ಜನರಿದ್ದರು.

ಊರಿನ ಪೂರ್ವಚರಿತ್ರೆ ಅಲ್ಪವಾದುದಲ್ಲ. 1776ರ ನವೆಂಬರಿನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೇನೆ ಆಂಗ್ಲರಿಗೆ ಬಿಟ್ಟುಕೊಟ್ಟು ಹಿಮ್ಮೆಟ್ಟಿದ ಕೋಟೆ ಇಲ್ಲಿದ್ದಿತು. ಹಾಲಿವುಡ್ಡಿನ ಹೆಸರು ಹರಡುವುದಕ್ಕೆ ಮುನ್ನ ಅನೇಕ ಚಲನಚಿತ್ರ ಸ್ಟುಡಿಯೋಗಳಿಗೆ ಇದೇ ನೆಲೆಯಾಗಿದ್ದಿತು. ಆದರೆ ಇಂದಿನ ಫೋರ್ಟ್ ಲೀಯ ದಿನಚರಿಯನ್ನು ಆಳುವುದು 1931ರಲ್ಲಿ ತೆರೆದ ಜಾರ್ಜ್ ವಾಷಿಂಗ್ಟನ್ ಸೇತುವೆ. ಓತ್ಮಾರ್ ಅಮ್ಮನ್ ಎಂಬ ಎಂಜಿನಿಯರನು 3,500 ಅಡಿಗಳ ಒಂದೇ ಅಂತರಕ್ಕೆ ತೂಗಿಬಿಟ್ಟ ಈ ಸೇತುವೆಯ ಮೇಲೆ, 1962ರಲ್ಲಿ ಕೆಳಗಿನ ಅಂತಸ್ತೂ ಸೇರಿ, ಈಗ ಹದಿನಾಲ್ಕು ಪಥಗಳು. 2013ರ ಸೆಪ್ಟೆಂಬರಿನಲ್ಲಿ, ಊರಿನ ಮೇಯರನು ಚುನಾವಣೆಯಲ್ಲಿ ಗವರ್ನರನನ್ನು ಬೆಂಬಲಿಸಲಿಲ್ಲವೆಂಬ ರಾಜಕೀಯ ಹಗೆಯಿಂದ, ಊರಿನಿಂದ ಸೇತುವೆಗೆ ಮೀಸಲಾದ ಮೂರು ಪಥಗಳಲ್ಲಿ ಎರಡನ್ನು ಸುಮಾರು ನಾಲ್ಕು ದಿನ ಕಿತ್ತುಕೊಂಡಾಗ, ಶಾಲೆಯ ಬಸ್ಸುಗಳೂ ಆಂಬುಲೆನ್ಸುಗಳೂ ಬೀದಿಯಲ್ಲಿ ಸಿಲುಕಿ ಊರಿಗೆ ಊರೇ ಸ್ತಬ್ಧವಾಯಿತು. ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತವನ್ನು ಬಲ್ಲವರಿಗೆ ಇದರ ವರ್ಣನೆ ಬೇಕಾಗಿಲ್ಲ; ಆದರೆ ಅಲ್ಲಿನ ದಟ್ಟಣೆಗೆ ಯಾರೂ ಅಪ್ಪಣೆ ಕೊಟ್ಟಿರುವುದಿಲ್ಲ.

ಕೆಲಸಕ್ಕೆ ಹೋಗುವಾತನು ಈ ಸೇತುವೆಯನ್ನು ಬೇಗನೆ ಕಲಿಯುತ್ತಾನೆ. ಬಸ್ಸು ಅಥವಾ ಸಣ್ಣ ವ್ಯಾನನ್ನು ಹಿಡಿದು ಆಚೆ ದಡದ ಮ್ಯಾನ್‌ಹಟನ್ನಿನಲ್ಲಿ 178ನೆಯ ಬೀದಿಯ ಬಸ್ ನಿಲ್ದಾಣಕ್ಕೆ ಹೋಗುವುದು, ಅಲ್ಲಿಂದ ನೆಲದಡಿಯ ‘ಎ’ ರೈಲನ್ನು ಏರುವುದು, ಇವು ಒಂದೆರಡು ವಾರಗಳ ವಿದ್ಯೆ. ಕಚೇರಿ ಅವನಿಗೆ ಮೇಜನ್ನು ಕೊಡುವಂತೆಯೇ ಪರಿಚಯಸ್ಥರನ್ನೂ ಮಧ್ಯಾಹ್ನದ ಊಟದ ಜೊತೆಯನ್ನೂ ಕೊಡುತ್ತದೆ. ಹೊಸ ಊರಿಗೆ ಹೊಂದಿಕೊಳ್ಳುವ ನಿಜವಾದ ಶ್ರಮವು ಸೇತುವೆಯನ್ನು ದಾಟದೆ ಮನೆಯಲ್ಲಿ ಉಳಿಯುವ ಸಂಗಾತಿಯ ಪಾಲಿನದೆಂದು ನನ್ನ ಅಭಿಪ್ರಾಯ. ಹಾಗೆ ಉಳಿಯುವಾಕೆ ಹೆಚ್ಚಾಗಿ ಹೆಂಡತಿ; ಬೆಂಗಳೂರಿನಲ್ಲಿ ತಾನೂ ಸಂಬಳ ತರುತ್ತಿದ್ದವಳು. ಎಚ್-1ಬಿ ವೀಸಾದವನ ಅವಲಂಬಿತಳಾಗಿ ಎಚ್-4 ವೀಸಾದ ಮೇಲೆ ಬಂದವಳಿಗೆ ಸಾಮಾನ್ಯವಾಗಿ ಉದ್ಯೋಗದ ಅನುಮತಿಯಿಲ್ಲ; ಗ್ರೀನ್ ಕಾರ್ಡಿನ ಪ್ರಯತ್ನ ಒಂದು ಹಂತವನ್ನು ಮುಟ್ಟಿದವರ ಸಂಗಾತಿಗಳಿಗೆ ಮಾತ್ರ 2015ರಿಂದ ಆ ಬಾಗಿಲು ತೆರೆದಿದೆ. ಉದ್ಯೋಗದ ಅನುಮತಿಯಿಲ್ಲದಿದ್ದರೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಇಲ್ಲ. ಆ ಸಂಖ್ಯೆಯಿಲ್ಲದವರು ಅಮೆರಿಕದ ಅರ್ಜಿಗಳ ಮುಂದೆ ಅರ್ಧ ಅದೃಶ್ಯರು.

ಸಂಖ್ಯೆಯುಳ್ಳ ಗಂಡನ ಪಾಡೂ ಮೊದಲಲ್ಲಿ ಬಹಳ ಉತ್ತಮವೇನಲ್ಲ. ಸ್ವದೇಶದಲ್ಲಿ ಸಾಲವನ್ನೇ ಮಾಡದ ಮನುಷ್ಯನಿಗೆ ಮರ್ಯಾದೆ; ಇಲ್ಲಿ ಸಾಲ ಮಾಡಿ ತೀರಿಸಿದ ಚರಿತ್ರೆಯಿಲ್ಲದವನನ್ನು ಮನೆಯ ಮಾಲೀಕನು ಸಂಶಯದಿಂದ ನೋಡುತ್ತಾನೆ. ಆದರೂ ನ್ಯೂಜೆರ್ಸಿಯ ಕಾನೂನು ಬಾಡಿಗೆದಾರನ ಪರವಾಗಿ ಕೆಲವು ಮಾತುಗಳನ್ನಾಡುತ್ತದೆ: ಮುಂಗಡ ಠೇವಣಿ ಒಂದೂವರೆ ತಿಂಗಳ ಬಾಡಿಗೆಯನ್ನು ಮೀರಕೂಡದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ಧರ್ಮರಾಜ್ಯದಂತೆಯೇ ತೋರೀತು.

ಮನೆ ಸಿಕ್ಕಿದ ಬಳಿಕ ಹಾಸಿಗೆ ಬೇಕು. ಗಂಡನಿಗೆ ಬಿಡುವಿರುವುದು ಭಾನುವಾರ. ಆದರೆ ಫೋರ್ಟ್ ಲೀ ಸೇರಿರುವ ಬರ್ಗೆನ್ ಕೌಂಟಿಯಲ್ಲಿ ಹಳೆಯ ನಿಬಂಧನೆಯೊಂದು ಇಂದಿಗೂ ಜಾರಿಯಲ್ಲಿದ್ದು, ಭಾನುವಾರ ಬಟ್ಟೆಬರೆ, ಪೀಠೋಪಕರಣ, ವಿದ್ಯುದುಪಕರಣಗಳ ಅಂಗಡಿಗಳು ವ್ಯಾಪಾರ ಮಾಡುವಂತಿಲ್ಲ. ದಿನಸಿಯ ಅಂಗಡಿಗಳಿಗೆ ಈ ತಡೆಯಿಲ್ಲವಾದುದರಿಂದ, ಹೊಸಬರ ಮನೆಯಲ್ಲಿ ಮಂಚಕ್ಕೆ ಮುಂಚೆ ಅಕ್ಕಿ ಬಂದು ಬೀಳುತ್ತದೆ.

ಅಕ್ಕಿಯನ್ನು ತರಲು ದೂರ ಹೋಗಬೇಕಾಗಿಲ್ಲ. ಫೋರ್ಟ್ ಲೀಯ ಮೇನ್ ಸ್ಟ್ರೀಟಿನಲ್ಲಿ ನಡೆದರೆ ಎದುರಾಗುವ ಫಲಕಗಳಲ್ಲಿ ಬಹುಭಾಗ ಕೊರಿಯನ್ ಲಿಪಿಯವು. ಕಳೆದ ಶತಮಾನದ ಕೊನೆಯ ದಶಕಗಳಿಂದ ಇಲ್ಲಿ ನೆಲೆಯೂರಿದ ಕೊರಿಯನ್ ಸಂಸಾರಗಳು ತಮ್ಮ ಬೇಕರಿ, ಔಷಧದಂಗಡಿ, ಪ್ರಾರ್ಥನಾಮಂದಿರ, ಸಂಜೆಪಾಠದ ಶಾಲೆಗಳನ್ನು ಕಟ್ಟಿಕೊಂಡು ಊರಿನ ಮುಖವನ್ನೇ ಬದಲಿಸಿದವು. ಅವರ ಅಂಗಡಿಯಲ್ಲಿ ಮೂಲಂಗಿ, ಬದನೆ, ಹಸಿಮೆಣಸಿನಕಾಯಿ ಎಲ್ಲವೂ ಇದ್ದು, ನಮ್ಮ ಗೃಹಿಣಿ ಸಂತೋಷಪಡುವಳು; ಎಳ್ಳೆಣ್ಣೆಯೂ ಇದೆ, ಆದರೆ ಅದು ಹುರಿದ ಎಳ್ಳಿನದಾದುದರಿಂದ ನಮ್ಮ ಒಗ್ಗರಣೆಗೆ ಹೊಂದದು. ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿಗಳಿಗೆ ಎಡಿಸನ್ ಕಡೆಯ ಓಕ್ ಟ್ರೀ ರಸ್ತೆಗೋ ನದಿಯಾಚೆ ಜಾಕ್ಸನ್ ಹೈಟ್ಸಿಗೋ ಹೋಗಬೇಕು.

ಕನ್ನಡದ ಸಂಗವೂ ಹಾಗೆಯೇ ದೂರದ್ದು. ನ್ಯೂಜೆರ್ಸಿಯ ಬೃಂದಾವನ ಕನ್ನಡಕೂಟವುಂಟು. ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಎಡಿಸನ್ನಿನಲ್ಲಿದೆ. 1977ರಲ್ಲಿ ಪ್ರತಿಷ್ಠೆಯಾದ ಫ್ಲಶಿಂಗಿನ ಗಣಪತಿ ದೇವಾಲಯದಲ್ಲಿ ದರ್ಶನದ ಅನಂತರ ಕ್ಯಾಂಟೀನಿನ ದೋಸೆ ಸಿಕ್ಕುತ್ತದೆ. ಯುಗಾದಿ, ರಾಜ್ಯೋತ್ಸವಗಳಿಗೆ ಇವು ಸಾಕು. ಆದರೆ ಮಗುವಿಗೆ ನಡುರಾತ್ರಿಯಲ್ಲಿ ಜ್ವರ ಬಂದಾಗ ಕದ ತಟ್ಟಬೇಕಾದುದು ಪಕ್ಕದ ಫ್ಲ್ಯಾಟಿನವರದು, ಮೂವತ್ತು ಮೈಲಿಯಾಚೆಯ ಸ್ವಭಾಷಿಕರದಲ್ಲ. ಆ ಪಕ್ಕದವರು ಕೊರಿಯದ ಅಜ್ಜಿಯಾಗಿರಬಹುದು, ರಷ್ಯದ ನಿವೃತ್ತ ಉಪಾಧ್ಯಾಯರಾಗಿರಬಹುದು. ಶಾಲೆಯ ಬಾಗಿಲಲ್ಲಿ, ಗ್ರಂಥಾಲಯದಲ್ಲಿ, ಲಿಫ್ಟಿನಲ್ಲಿ ಇಂಥವರ ಹೆಸರನ್ನು ಕೇಳಿ ನೆನಪಿಟ್ಟುಕೊಳ್ಳುವವಳು ಮನೆಯಲ್ಲಿ ಉಳಿದವಳೇ. ಆದುದರಿಂದ ವರ್ಷ ಕಳೆಯುವಷ್ಟರಲ್ಲಿ ಗಂಡನಿಗೆ ಮ್ಯಾನ್‌ಹಟನ್ನಿನ ರೈಲುಗಳು ಮಾತ್ರ ಗೊತ್ತಿದ್ದರೆ, ಹೆಂಡತಿಗೆ ಒಂದು ಊರೇ ಗೊತ್ತಿರುತ್ತದೆ.

ಇದರ ನಡುವೆ ತೌರಿನ ಮಾತುಕತೆಯ ಹೊತ್ತನ್ನೂ ಹೊಂದಿಸಬೇಕು. ಬೇಸಗೆಯಲ್ಲಿ ಒಂಬತ್ತೂವರೆ ಗಂಟೆ ಹಿಂದಿರುವ ಇಲ್ಲಿನ ಗಡಿಯಾರ ನವೆಂಬರಿನ ಮೊದಲ ಭಾನುವಾರದಿಂದ ಹತ್ತೂವರೆ ಗಂಟೆ ಹಿಂದಾಗುತ್ತದೆ. ಮೈಸೂರಿನಲ್ಲಿರುವ ತಾಯಿಗೆ ಇದನ್ನು ಪ್ರತಿವರ್ಷವೂ ಹೊಸದಾಗಿ ವಿವರಿಸಬೇಕು.

ಕೊನೆಗೆ ಅವಳು ಕಾರನ್ನು ಕಲಿಯುತ್ತಾಳೆ. ಗುರುತಿನ ದಾಖಲೆಗಳಿಗೆ ಅಂಕ ಕೊಟ್ಟು ಆರು ಅಂಕಗಳಾದರೆ ಮಾತ್ರ ಒಳಗೆ ಬಿಡುವ ವಾಹನ ಕಚೇರಿಯನ್ನು ದಾಟಿ ಲೈಸೆನ್ಸ್ ಪಡೆದವಳಿಗೆ, ಪೆಟ್ರೋಲ್ ಬಂಕಿನಲ್ಲಿ ಒಂದು ಪರಿಚಿತ ಸೌಖ್ಯ ಕಾದಿರುತ್ತದೆ: ನ್ಯೂಜೆರ್ಸಿಯಲ್ಲಿ 1949ರಿಂದ ಗ್ರಾಹಕರು ತಾವೇ ಪೆಟ್ರೋಲ್ ತುಂಬಿಕೊಳ್ಳಕೂಡದು, ನಮ್ಮೂರಿನಂತೆಯೇ ಬಂಕಿನವನು ಬಂದು ತುಂಬುತ್ತಾನೆ. ಸುಂಕ ತೆತ್ತು ಸೇತುವೆಯಾಚೆಗೆ ಹೋದ ದಿನ ಟ್ಯಾಂಕು ಬರಿದಾದರೆ, ಅಲ್ಲಿ ಅವಳೇ ಇಳಿದು ಕೊಳವೆಯನ್ನು ಹಿಡಿಯಬೇಕು. ಹಿಂತಿರುಗುವ ದಿಕ್ಕಿನಲ್ಲಿ ಮಾತ್ರ ಸುಂಕವಿಲ್ಲ.