ಬ್ಯಾಕ್‌ಲೈಟ್ ಎಂದರೇನು?

ಮಕ್ಕಳೇ, ಊರಿನಲ್ಲಿರುವ ಅಜ್ಜಿಗೆ ಕಳುಹಿಸಲೆಂದು ಕಿಟಕಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೋದಲ್ಲಿ ನಿಮ್ಮ ಮುಖವೇ ಕಪ್ಪಾಗಿದೆಯೇ? ಬೆನ್ನ ಹಿಂದಿನಿಂದ ಬೀಳುವ ಬೆಳಕಿಗೆ 'ಬ್ಯಾಕ್‌ಲೈಟ್', ಅಂದರೆ ಹಿಂಬೆಳಕು, ಎನ್ನುತ್ತಾರೆ. ಕಿಟಕಿಯ ಪ್ರಖರತೆಯನ್ನು ಅಳೆದು ಕ್ಯಾಮೆರಾ ಇಡೀ ಚಿತ್ರದ ಬೆಳಕನ್ನು ತಗ್ಗಿಸುತ್ತದೆ. ಆಗ ಮುಖ ಕಪ್ಪಾಗುತ್ತದೆ. ಕಿಟಕಿಯ ಕಡೆಗೆ ತಿರುಗಿ ನಿಂತರೆ ಸಾಕು. ಅದಾಗದಿದ್ದರೆ ಫ್ಲ್ಯಾಶ್ ಬಳಸಿ. ಫೋನಿನಲ್ಲಾದರೆ ಪರದೆಯ ಮೇಲೆ ಮುಖವಿರುವ ಜಾಗವನ್ನು ಮುಟ್ಟಿ.

ಆದರೆ ಹಿಂಬೆಳಕು ಯಾವಾಗಲೂ ದೋಷವಲ್ಲ. ಮೈಸೂರಿನವರಾದ ಛಾಯಾಗ್ರಾಹಕ ವಿ. ಕೆ. ಮೂರ್ತಿ ಅವರು 1959ರ ಹಿಂದಿ ಚಿತ್ರ 'ಕಾಗಜ್ ಕೆ ಫೂಲ್'ನ ಒಂದು ಹಾಡಿಗಾಗಿ ಕನ್ನಡಿಗಳ ಮೂಲಕ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಂದರು. ಆ ಬೆಳಕಿನ ಕೋಲಿನ ನಡುವೆ ಪಾತ್ರಗಳು ನೆರಳಿನಂತೆ ಕಾಣುತ್ತವೆ. ಅವರ ಒಂಟಿತನ ಮಾತಿಲ್ಲದೆಯೇ ತಿಳಿಯುತ್ತದೆ.

ಅಜ್ಜಿಗಾದರೋ ನಿಮ್ಮ ನಗುಮುಖವೇ ಬೇಕು. ಬೆಳಕಿನ ಕಡೆಗೆ ತಿರುಗಿ ನಿಲ್ಲಿ!