ಕಾಟ್ಟಿಕುಳಂನಲ್ಲಿ ಕೂಡುವ ಎರಡು ದಾರಿಗಳು
ಬೈಕಿನ ಮೇಲೆ ವಯನಾಡಿನ ಕಾಡು ಮತ್ತು ಬಸದಿಗಳ ದರ್ಶನ

ನಮ್ಮ ಮನೆಗಳಲ್ಲಿ ಯಾತ್ರೆ ಎಂದರೆ ಶ್ರವಣಬೆಳಗೊಳ, ಹುಂಚ, ಮೂಡಬಿದಿರೆ, ಕಾರ್ಕಳ. ವ್ಯಾನು ಗೊತ್ತುಮಾಡಿ, ಬುತ್ತಿ ಕಟ್ಟಿಸಿಕೊಂಡು, ಹಿರಿಯರು ಕಿರಿಯರೆಲ್ಲ ಕೂಡಿ ಹೊರಡುವುದು ಹಿಂದಿನಿಂದ ಬಂದ ವಾಡಿಕೆ. ಇತ್ತೀಚೆಗೆ ಇದೇ ಮನೆಗಳ ತರುಣರು ಇನ್ನೊಂದು ಬಗೆಯ ಪ್ರವಾಸಕ್ಕೆ ಮನಸೋತಿದ್ದಾರೆ. ನಾಲ್ಕಾರು ಗೆಳೆಯರು ಸೇರಿ ಬೈಕು ಹತ್ತಿ ಕಾಡು-ಘಟ್ಟಗಳನ್ನು ಸುತ್ತಿ ಬರುವುದು ಅವರಿಗೆ ಇಷ್ಟ. ನೇಪಾಳ, ಥಾಯ್ಲೆಂಡುಗಳ ರಾಷ್ಟ್ರೀಯ ಉದ್ಯಾನಗಳವರೆಗೂ ಇಂಥ ಪ್ರವಾಸ ಏರ್ಪಡಿಸುವವರಿದ್ದಾರೆ. ಅಂಗಡಿಯ ಗಲ್ಲಾದಲ್ಲಿ ಕುಳಿತ ತಂದೆಗೆ ಇದು ಸಲ್ಲದ ಖರ್ಚು ಎನಿಸಬಹುದು; ಮಗ ಕ್ಷೇಮವಾಗಿ ಹಿಂತಿರುಗಿದರೆ ಸಾಕೆಂದು ತಾಯಿ ಬಾಗಿಲು ಕಾಯಬಹುದು. ಹುಡುಗರನ್ನು ತಡೆಯುವುದಕ್ಕಿಂತ ಒಂದು ಒಳ್ಳೆಯ ದಾರಿ ತೋರಿಸುವುದು ಲೇಸಲ್ಲವೆ? ಅಂಥ ದಾರಿಯೊಂದು ಮೈಸೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲೇ ಇದೆ. ಅದು ಕೇರಳದ ವಯನಾಡು ಜಿಲ್ಲೆಯ ಕಾಟ್ಟಿಕುಳಂಗೆ ಹೋಗುತ್ತದೆ.

ಮೈಸೂರಿಗೂ ಬೈಕಿಗೂ ಹಳೆಯ ನಂಟು. ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಅಂದು ಅವನ್ನೇರಿ ಕೊಡಗು-ವಯನಾಡಿನ ಕಡೆ ವ್ಯಾಪಾರಕ್ಕೆ ಹೋಗಿ ಬಂದವರು ನಮ್ಮ ಓದುಗರಲ್ಲೂ ಇರಬಹುದು. ಅದೇ ದಿಕ್ಕಿಗೆ ಇಂದು ಮಕ್ಕಳು ಹೊರಟರೆ ಅದರಲ್ಲಿ ಹೊಸತೇನಿಲ್ಲ. ಯಾವ ಹೊತ್ತಿನಲ್ಲಿ, ಯಾವ ರೀತಿಯಲ್ಲಿ ಹೋಗಬೇಕು ಎಂಬುದೇ ಈಗ ಯೋಚಿಸಬೇಕಾದ ಮಾತು.

ಸಂಜೆ ಆರಕ್ಕೆ ಮುಚ್ಚುವ ದಾರಿ

ಮೈಸೂರಿನಿಂದ ಹೆಗ್ಗಡದೇವನಕೋಟೆ, ಅಂತರಸಂತೆ ದಾಟಿದರೆ ಉದ್ಬೂರಿನ ಬಳಿ ಅರಣ್ಯ ಇಲಾಖೆಯ ಗೇಟು. ಅಲ್ಲಿಂದ ಬಾವಲಿಯವರೆಗೆ ನಾಗರಹೊಳೆಯ ಕಾಡು. 1955ರಲ್ಲಿ ಅಭಯಾರಣ್ಯವಾದ ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2022ರ ಹುಲಿ ಗಣತಿಯ ಅಂದಾಜಿನಂತೆ ನಾಗರಹೊಳೆಯಲ್ಲಿ 141, ನೆರೆಯ ಬಂಡೀಪುರದಲ್ಲಿ 150 ಹುಲಿಗಳಿವೆ. ಈ ಎರಡು ಕಾಡುಗಳೂ ತಮಿಳುನಾಡಿನ ಮುದುಮಲೆ ಮತ್ತು ಕೇರಳದ ವಯನಾಡು ಅಭಯಾರಣ್ಯಗಳೂ ಒಂದಕ್ಕೊಂದು ಹೊಂದಿಕೊಂಡಿವೆ. ನಕ್ಷೆಯಲ್ಲಿ ಮೂರು ರಾಜ್ಯ. ಆನೆಗೆ ಒಂದೇ ಕಾಡು.

ಈ ಸೀಮೆಯ ಹಳೆಯ ಹೆಸರು ಕಾಕನಕೋಟೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದ ಖೆಡ್ಡಾ ಜಗತ್ಪ್ರಸಿದ್ಧ. ಕಾಡಾನೆಗಳ ಹಿಂಡನ್ನು ಸುತ್ತುಗಟ್ಟಿ ಹಿಡಿಯುವ ಆ ಪದ್ಧತಿ 1971ರಲ್ಲಿ ಕೊನೆಗೊಂಡಿತು. ಅನಂತರ ಕಬಿನಿ ಜಲಾಶಯದ ನೀರು ಆ ನೆಲವನ್ನು ಮುಳುಗಿಸಿತು. ದಾರಿಯಲ್ಲೇ ಬಳ್ಳೆ ಆನೆ ಶಿಬಿರವಿದೆ. 2012ರಿಂದ 2019ರವರೆಗೆ ಎಂಟು ಬಾರಿ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತ ಅರ್ಜುನ ಈ ಶಿಬಿರದವನು. 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಹೋದಾಗ ಕಾಡಾನೆಯೊಡನೆ ಕಾದಾಡಿ ಅವನು ಪ್ರಾಣ ಬಿಟ್ಟ.

ಈ ರಸ್ತೆಯನ್ನು 2008ರಿಂದ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಲಾಗುತ್ತದೆ. ಆರು ಹೊಡೆದ ಮೇಲೆ ಬಂದವರು ಗೇಟಿನಿಂದಲೇ ಹಿಂತಿರುಗಬೇಕು. ಸೂರ್ಯಾಸ್ತದ ಮುನ್ನವೇ ಊಟ ಮುಗಿಸುವ ಮನೆಗಳಲ್ಲಿ ಬೆಳೆದ ನಮ್ಮ ಹುಡುಗರಿಗೆ ಈ ಕಟ್ಟಳೆ ಹೊಸದೆನಿಸಬಾರದು. ಕತ್ತಲೆಯಲ್ಲಿ ಕಣ್ಣಿಗೆ ಬೀಳದ ಜೀವಿಗೆ ಹಾನಿಯಾಗದಿರಲಿ ಎಂಬುದು ಆ ನಿಯಮದ ಹಿಂದಿರುವ ಕಾರಣ. ಈ ಗೇಟಿನ ಹಿಂದಿರುವುದೂ ಅದೇ.

ರಾತ್ರಿಯಿಡೀ ತೆರೆದ ದಾರಿ

ಬಾವಲಿಯ ಗಡಿ ದಾಟಿ ಮುಂದೆ ಸಾಗಿದರೆ ಕಾಟ್ಟಿಕುಳಂ. ಕನ್ನಡದ ಕಿವಿಗೆ ‘ಕಾಟಿಯ ಕೊಳ’ ಎಂದೇ ಕೇಳಿಸುವ ಹೆಸರು. ತಿರುನೆಲ್ಲಿ ಪಂಚಾಯತಿಗೆ ಸೇರಿದ ಸಣ್ಣ ಪೇಟೆ ಇದು. ಸುತ್ತ ಕಾಫಿ, ಕಾಳುಮೆಣಸು, ಗದ್ದೆಬಯಲು. ಅಡಿಯರು, ಕಾಟ್ಟುನಾಯಕರು, ಕುರುಮರು ಮುಂತಾದ ಆದಿವಾಸಿಗಳ ಹಾಡಿಗಳು. ಬಾವಲಿಯಿಂದ ಬಂದ ರಸ್ತೆಗೆ ಇಲ್ಲಿ ಇನ್ನೊಂದು ರಸ್ತೆ ಬಂದು ಕೂಡುತ್ತದೆ. ಅದು ಹುಣಸೂರು, ಗೋಣಿಕೊಪ್ಪ, ಕುಟ್ಟ, ತೋಲ್ಪೆಟ್ಟಿಯ ಮೂಲಕ ಬರುವಂಥದು. ಎರಡೂ ಒಂದಾಗಿ ಮಾನಂದವಾಡಿಗೆ ಇಳಿಯುತ್ತವೆ.

ಎರಡನೆಯ ರಸ್ತೆಗೆ ರಾತ್ರಿಯ ಗೇಟಿಲ್ಲ. ಬಂಡೀಪುರದ ಮೂಲಕ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ (ಅಂದು 212, ಇಂದು 766) 2009ರಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರ ನಿಷೇಧಿಸಲಾಯಿತು. 2010ರ ಮಾರ್ಚ್ 9ರಂದು ಕರ್ನಾಟಕ ಹೈಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಎರಡು ರಾಜ್ಯಗಳ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಉಳಿದ ಲಾರಿ, ಬಸ್ಸು, ಕಾರುಗಳಿಗೆ ರಾತ್ರಿಯ ಬದಲಿ ದಾರಿ ಎಂದು ತೋರಿಸಿದ್ದು ಕಾಟ್ಟಿಕುಳಂನ ಮೇಲೆ ಹಾಯುವ ಈ ಎರಡನೆಯ ರಸ್ತೆಯನ್ನೇ. ಸುಮಾರು ಮೂವತ್ತು ಕಿಲೋಮೀಟರ್ ಹೆಚ್ಚಿನ ಸುತ್ತು.

ಆದರೆ ಇದೂ ಕಾಡಿನ ದಾರಿಯೇ. ಹುಣಸೂರಿನ ಆಚೆ ಮತ್ತಿಗೋಡು ಆನೆ ಶಿಬಿರ ಇದೇ ರಸ್ತೆಯ ಬದಿಯಲ್ಲಿದೆ. 2018ರ ಅಕ್ಟೋಬರಿನಲ್ಲಿ, ಬೆಳಗಾಗುವ ಮುನ್ನ, ಖಾಸಗಿ ಬಸ್ಸೊಂದು ಬಡಿದು ಶಿಬಿರದ ಆನೆ ರಂಗ ಸತ್ತುಹೋಯಿತು. ಮಾವುತರು ಸಾಕಿದ ಆನೆಗೇ ಈ ಗತಿಯಾದರೆ ರಸ್ತೆ ದಾಟುವ ಜಿಂಕೆ, ಮೊಲ, ಪುನುಗು ಬೆಕ್ಕುಗಳ ಲೆಕ್ಕವನ್ನು ಯಾರು ಇಡುತ್ತಾರೆ? ಒಂದು ಕಾಡಿನ ಬಾಗಿಲು ಮುಚ್ಚಿದಾಗ ಅಲ್ಲಿನ ಹೊರೆಯಲ್ಲೊಂದು ಪಾಲು ಇನ್ನೊಂದು ಕಾಡಿನ ತಲೆಗೆ ಬಂದಿತು. ಕಾಟ್ಟಿಕುಳಂನಲ್ಲಿ ನಿಂತು ನೋಡುವವರಿಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದು.

ಬಸದಿಗಳ ನಾಡು

ಈ ದಾರಿಗಳಲ್ಲಿ ನಮ್ಮ ಹಿರಿಯರು ಎಂದೋ ನಡೆದಿದ್ದಾರೆ. ಕರ್ನಾಟಕದಿಂದ ಹೋಗಿ ವಯನಾಡಿನಲ್ಲಿ ನೆಲೆನಿಂತ ಜೈನರು ಅಲ್ಲಿ ಗೌಡರ್ ಎಂಬ ಹೆಸರಿನಿಂದ ಪ್ರಸಿದ್ಧರು, ಕಾಫಿ ಬೆಳೆಗಾರರು. ಹಲವು ಮನೆಗಳಲ್ಲಿ ಇಂದಿಗೂ ಕನ್ನಡದ ಮಾತು ಉಳಿದಿದೆ. 1957ರಲ್ಲಿ ಲೋಕಸಭೆಗೆ ಆರಿಸಿಬಂದ ಎಂ. ಕೆ. ಜಿನಚಂದ್ರನ್ ಅವರೂ, ಮಾತೃಭೂಮಿ ಪತ್ರಿಕೆಯ ಮುಖ್ಯಸ್ಥರಾಗಿದ್ದ ಎಂ. ಪಿ. ವೀರೇಂದ್ರಕುಮಾರ್ (1936–2020) ಅವರೂ ಈ ಸಮಾಜದವರೇ. ವೀರೇಂದ್ರಕುಮಾರರು ಹಿಮಾಲಯದ ಪ್ರವಾಸ ಕುರಿತು ಬರೆದ ‘ಹೈಮವತಭೂವಿಲ್’ ಕೃತಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಪ್ರವಾಸ ಹೊರಡುವ ನಮ್ಮ ತರುಣರು ತಿಳಿದಿರಬೇಕಾದ ಹೆಸರು ಅದು.

ಮಾನಂದವಾಡಿಯಲ್ಲಿ ಶ್ರೀ ಆದೀಶ್ವರ ಸ್ವಾಮಿಯ ದರ್ಶನ ಪಡೆದು ಪನಮರಂ ಕಡೆಗೆ ಹೊರಡಬಹುದು. ಆ ಬದಿಯ ಪುತ್ತಂಗಾಡಿಯಲ್ಲಿ ಕರ್ನಾಟಕದ ಶೈಲಿಯ ಎರಡು ಹಳೆಯ ಕಲ್ಲಿನ ಗುಡಿಗಳಿವೆ. ಪುತ್ತಂಗಾಡಿ ಎಂದರೆ ಹೊಸ ಅಂಗಡಿ. ಒಂದು ಕಾಲದ ಪೇಟೆಯ ನೆನಪು ಹೆಸರಿನಲ್ಲೇ ಇದೆ. ವೆಣ್ಣಿಯೋಡಿನಲ್ಲಿ ಶ್ರೀ ಶಾಂತಿನಾಥ ಸ್ವಾಮಿಯ ಬಸದಿ. ಕಲ್ಪೆಟ್ಟದ ಬಳಿ ಪುಳಿಯಾರ್‌ಮಲದಲ್ಲಿ ಶ್ರೀ ಅನಂತನಾಥ ಸ್ವಾಮಿಯ ಬಸದಿ. ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿ ಈಗ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟಿಪ್ಪು ಸುಲ್ತಾನನ ಸೈನ್ಯ ಅದನ್ನು ಮದ್ದುಗುಂಡಿನ ಉಗ್ರಾಣವಾಗಿ ಬಳಸಿದ್ದರಿಂದ ಊರಿಗೇ ಬತ್ತೇರಿ ಎಂಬ ಹೆಸರು ನಿಂತಿತು. ಅದಕ್ಕೂ ಹಿಂದೆ ಜೈನರು ನೆಲೆಸಿದ್ದ ಆ ಊರನ್ನು ‘ಹನ್ನೆರಡು ಬೀದಿ’ ಎಂದು ಕರೆಯುತ್ತಿದ್ದರಂತೆ. ಅಚ್ಚ ಕನ್ನಡದ ಹೆಸರು. ಅಹಿಂಸೆಯ ಗುಡಿಯಲ್ಲಿ ಮದ್ದುಗುಂಡು ತುಂಬಿದ ಕಾಲವೂ ಕಳೆಯಿತು, ಕಲ್ಲಿನ ಕಂಬಗಳು ಉಳಿದವು.

ವರ್ತಕರ ಮಾತೂ ಕೇಳಬೇಕು

ರಾತ್ರಿ ದಾರಿ ಮುಚ್ಚಿದ್ದರಿಂದ ನಷ್ಟವಾದವರಲ್ಲಿ ವರ್ತಕರು ಮೊದಲಿಗರು. ಗುಂಡ್ಲುಪೇಟೆಯ ತರಕಾರಿ ಬೆಳಗಿನ ಸಂತೆಗೆ ಕೇರಳ ಮುಟ್ಟಬೇಕು. ಗೇಟಿನ ಮುಂದೆ ಲಾರಿ ನಿಂತರೆ ಮಾಲು ಬಾಡುತ್ತದೆ. ಸುತ್ತು ದಾರಿ ಹಿಡಿದರೆ ಡೀಸೆಲಿನ ಖರ್ಚು ಏರುತ್ತದೆ. 2019ರಲ್ಲಿ ಹಗಲಿನಲ್ಲೂ ಹೆದ್ದಾರಿ ಮುಚ್ಚುವ ಪ್ರಸ್ತಾಪ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಸುಲ್ತಾನ್ ಬತ್ತೇರಿಯಲ್ಲಿ ಯುವಕರು ಉಪವಾಸ ಕೂತರು. ವಯನಾಡಿನ ಜನ ಚಿಕಿತ್ಸೆಗೂ ವಿದ್ಯೆಗೂ ಸಂತೆಗೂ ಈ ದಾರಿಯನ್ನೇ ನಂಬಿದವರು. ಅವರ ಅಳಲನ್ನು ಹುಸಿ ಎನ್ನಲಾಗದು.

ಕಾಡಿನ ಅಂಚಿನ ಬಾಳು ಇನ್ನೂ ಕಷ್ಟ. 2024ರ ಫೆಬ್ರುವರಿ 10ರಂದು ಮಾನಂದವಾಡಿಯ ಬಳಿ ‘ಬೇಲೂರು ಮಖನಾ’ ಎಂಬ ಕಾಡಾನೆ ಮನೆಯಂಗಳಕ್ಕೇ ನುಗ್ಗಿ ಒಬ್ಬರನ್ನು ಕೊಂದಿತು. ಹಾಸನ ಜಿಲ್ಲೆಯಲ್ಲಿ ಹಿಡಿದು, ರೇಡಿಯೋ ಕಾಲರ್ ತೊಡಿಸಿ, ಬಂಡೀಪುರದ ಕಾಡಿಗೆ ಬಿಟ್ಟಿದ್ದ ಆನೆ ಅದು. ವಾರದೊಳಗೆ ಕುರುವ ದ್ವೀಪದ ಪ್ರವಾಸೋದ್ಯಮ ಸಿಬ್ಬಂದಿಯೊಬ್ಬರು ಇನ್ನೊಂದು ಆನೆಗೆ ಬಲಿಯಾದರು. ಪಟ್ಟಣದಲ್ಲಿ ಕುಳಿತು ಕಾಡನ್ನು ಹೊಗಳುವುದು ಸುಲಭ. ಅದರ ಬೆಲೆ ತೆರುವವರು ಬೇರೆ.

ಹಾಗಾದರೆ ನಾವು ಯಾವ ಪಕ್ಷ? ನಮ್ಮ ಶ್ರಾವಕಾಚಾರ ಇದಕ್ಕೆ ಒಂದು ತಕ್ಕಡಿಯನ್ನು ಕೊಟ್ಟಿದೆ. ಬದುಕಿಗಾಗಿ ಮಾಡುವ ವೃತ್ತಿಯಲ್ಲಿ ಆಗಿಹೋಗುವ ಹಿಂಸೆ ಉದ್ಯೋಗೀ ಹಿಂಸೆ. ಗೃಹಸ್ಥನು ಅದನ್ನು ಪೂರ್ತಿ ಬಿಡಲಾರ, ತಗ್ಗಿಸಬಲ್ಲ. ಯಾವ ಪ್ರಯೋಜನವೂ ಇಲ್ಲದೆ ಮಾಡುವ ಪಾಪಕಾರ್ಯ ಅನರ್ಥದಂಡ. ಅದನ್ನು ಬಿಡುವುದೇ ಗುಣವ್ರತ. ಮಾಲು ಹೊತ್ತ ಲಾರಿ ರಾತ್ರಿ ಕಾಡು ದಾಟಿದರೆ ಅದಕ್ಕೊಂದು ಕಾರಣವಿದೆ. ಮೋಜಿಗಾಗಿ ಹನ್ನೊಂದು ಗಂಟೆಗೆ ತೋಲ್ಪೆಟ್ಟಿಯ ಕಾಡಿನಲ್ಲಿ ಬೈಕು ಓಡಿಸುವವನಿಗೆ ಯಾವ ಕಾರಣವೂ ಇಲ್ಲ. ಆದ್ದರಿಂದ ಗೇಟಿಲ್ಲದ ರಸ್ತೆಯಲ್ಲೂ ನಮ್ಮ ಹುಡುಗರು ಸಂಜೆ ಆರಕ್ಕೆ ನಿಲ್ಲಬೇಕು. ಕಾನೂನು ಕೇಳದಿದ್ದರೂ ವ್ರತ ಕೇಳುತ್ತದೆ. ವರ್ತಕ ಬಂಧುಗಳು ಕೂಡ ಯೋಚಿಸಬೇಕು: ಯಾವ ಮಾಲು ರಾತ್ರಿಯೇ ಹೋಗಬೇಕು, ಯಾವುದು ಬೆಳಗಿನವರೆಗೆ ಕಾಯಬಲ್ಲದು? ಸಿಮೆಂಟು, ಕಬ್ಬಿಣ, ಬಟ್ಟೆ ಬಾಡುವುದಿಲ್ಲವಷ್ಟೆ. ಹಗಲು ಹೊರಡಿಸಬಹುದಾದ ಒಂದು ಲಾರಿಯನ್ನು ಹಗಲೇ ಹೊರಡಿಸಿದರೆ ಕಾಟ್ಟಿಕುಳಂ ದಾರಿಯ ಮೇಲೆ ರಾತ್ರಿಯ ಒಂದು ಹೊರೆ ಇಳಿಯುತ್ತದೆ.

ದುಡ್ಡು ಕೊಟ್ಟು ಆನೆಗೆ ದಾರಿ ಬಿಟ್ಟವರೂ ಇದೇ ಸೀಮೆಯಲ್ಲಿದ್ದಾರೆ. ತಿರುನೆಲ್ಲಿ–ಕುದ್ರಕೋಟೆ ಆನೆದಾರಿಯಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ ಜಮೀನು ಕೊಂಡು, ಅಲ್ಲಿದ್ದ ಕುಟುಂಬಗಳಿಗೆ ಬೇರೆಡೆ ನೆಲೆ ಕಲ್ಪಿಸಿ, 2015ರಲ್ಲಿ ಆ ನೆಲವನ್ನು ಕೇರಳ ಅರಣ್ಯ ಇಲಾಖೆಗೆ ಒಪ್ಪಿಸಿತು. ಅಸ್ಸಾಮಿನ ಕಾಜಿರಂಗದಲ್ಲಿ ಪ್ರವಾಹದ ದಿನಗಳಲ್ಲಿ ಪ್ರಾಣಿಗಳು ಹೆದ್ದಾರಿ ದಾಟಿ ಗುಡ್ಡಕ್ಕೆ ಹೋಗುತ್ತವೆ. ಆಗ ವಾಹನಗಳಿಗೆ ಹೊರಟ ಸಮಯ ಬರೆದ ಚೀಟಿ ಕೊಟ್ಟು, ಬೇಗ ಬಂದವರಿಗೆ ದಂಡ ಹಾಕುತ್ತಾರೆ. ಮನಸ್ಸಿದ್ದರೆ ದಾರಿಗಳು ಹಲವು.

ಹೊರಡುವವರಿಗೆ ಕೆಲವು ಸೂಚನೆಗಳು

1. ಮೂರು ದಿನ ಸಾಕು. ಮೊದಲ ದಿನ ಮೈಸೂರು, ಬಾವಲಿ, ಕಾಟ್ಟಿಕುಳಂ, ತಿರುನೆಲ್ಲಿ. ಎರಡನೆಯ ದಿನ ಮಾನಂದವಾಡಿಯಿಂದ ಬತ್ತೇರಿಯವರೆಗಿನ ಬಸದಿಗಳು. ಮೂರನೆಯ ದಿನ ಮುತ್ತಂಗ, ಮೂಲೆಹೊಳೆ, ಗುಂಡ್ಲುಪೇಟೆಯ ಮೂಲಕ ಮೈಸೂರಿಗೆ. ಪ್ರತಿದಿನ ಸಂಜೆ ಐದಕ್ಕೆ ತಂಗುವ ಊರು ಸೇರಿರಬೇಕು.

2. ಅಭಯಾರಣ್ಯದ ಒಳಗಿನ ಸಫಾರಿಗೆ ಬೈಕು ಒಯ್ಯುವಂತಿಲ್ಲ. ತೋಲ್ಪೆಟ್ಟಿ, ಮುತ್ತಂಗಗಳಲ್ಲಿ ಜೀಪಿನ ವ್ಯವಸ್ಥೆಯಿದೆ. ಬೇಸಿಗೆಯ ಕಾಳ್ಗಿಚ್ಚಿನ ದಿನಗಳಲ್ಲಿ ಸಫಾರಿ ನಿಲ್ಲಿಸುವುದುಂಟು. ಕಾಡಿನ ಕೆಲವು ಒಳರಸ್ತೆಗಳಿಗೆ ದ್ವಿಚಕ್ರ ವಾಹನ ಬಿಡುವುದಿಲ್ಲ. ಮೊದಲೇ ವಿಚಾರಿಸಿ ಹೊರಡಿ.

3. ಮಳೆಗಾಲ ಬೇಡ. ಚಾತುರ್ಮಾಸದಲ್ಲಿ ಮುನಿಗಳು ವಿಹಾರ ನಿಲ್ಲಿಸುವುದು ಜೀವರಾಶಿಯ ಮೇಲಿನ ಕರುಣೆಯಿಂದ. ವಯನಾಡಿನಲ್ಲಿ ಅದು ನಮ್ಮ ಪ್ರಾಣಕ್ಕೂ ಹಿತ. 2024ರ ಜುಲೈ 30ರಂದು ಮುಂಡಕೈ, ಚೂರಲ್‌ಮಲಗಳಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಅಸುನೀಗಿದ್ದನ್ನು ಮರೆಯಬಾರದು.

4. ಈರ್ಯಾಸಮಿತಿ ಪಾಲಿಸುವ ಮುನಿಗಳು ಮುಂದಿನ ನಾಲ್ಕು ಮೊಳ ನೆಲ ನೋಡಿ ಹೆಜ್ಜೆ ಇಡುತ್ತಾರೆ. ಬೈಕಿನವರಿಗೆ ನಾಲ್ಕು ಮೊಳ ಸಾಲದು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಮಾತ್ರ ಓಡಿಸಬೇಕು.

5. ಆನೆ ಕಂಡರೆ ದೂರದಲ್ಲೇ ನಿಂತು ದಾರಿ ಬಿಡಿ. ಹಾರ್ನು ಬೇಡ, ಫೋಟೋಗಾಗಿ ಇಳಿಯುವುದು ಬೇಡ. ಬುತ್ತಿಯನ್ನು ಕಾಡಿನಲ್ಲಿ ಬಿಚ್ಚಬೇಡಿ, ಕೋತಿಗೆ ತಿನಿಸು ಹಾಕಬೇಡಿ. ಕರುಣೆ ಎಂದು ಎಸೆದ ಒಂದು ಬಾಳೆಹಣ್ಣು ಪ್ರಾಣಿಯನ್ನು ರಸ್ತೆಗೆ ಕರೆದು ಕೊಲ್ಲುತ್ತದೆ.

6. ಬಸದಿಗೆ ಹೋದಲ್ಲಿ ಪುರೋಹಿತರನ್ನೂ ಊರಿನ ಹಿರಿಯರನ್ನೂ ಕನ್ನಡದಲ್ಲೇ ಮಾತನಾಡಿಸಿ. ಆ ಮನೆಗಳ ಕಥೆ ಕೇಳಿ, ಬರೆದಿಟ್ಟುಕೊಂಡು ಬನ್ನಿ. ಮುಂದಿನ ಪೀಳಿಗೆಗೆ ಅದು ಆಸ್ತಿ.

ಮಕ್ಕಳು ಬೈಕಿನ ಕೀಲಿ ಕೇಳಿದಾಗ ತಂದೆತಾಯಿಗಳು ಬೇಡವೆನ್ನುವ ಬದಲು ಈ ದಾರಿಯ ನಕ್ಷೆಯನ್ನು ಎದುರಿಗೆ ಹರಡಿ, ಸಂಜೆಯ ಹೊತ್ತನ್ನು ಗೊತ್ತುಮಾಡಿ ಕಳಿಸಲಿ. ಒಂಟಿಯಾಗಿ ಕಳಿಸಲು ಮನಸ್ಸು ಒಪ್ಪದಿದ್ದರೆ ಹಿಂದೆ ವ್ಯಾನಿನಲ್ಲಿ ತಾವೂ ಹೊರಡಲಿ. ಹನ್ನೆರಡು ಬೀದಿಯ ಬಸದಿಯ ಜಗಲಿಯಲ್ಲಿ ಎಲ್ಲರಿಗೂ ಸ್ಥಳವಿದೆ.