ಮಾತಿಗೆ ಮುಂಚಿನ ಆಹ್ವಾನ

ಶಹಾಪುರ ತಾಲ್ಲೂಕಿನ ಶಿರವಾಳದಲ್ಲಿರುವ ತಾಯಿಗೆ ಬೆಂಗಳೂರಿನಲ್ಲಿ ದುಡಿಯುವ ಮಗನು ಅಂತರ್ಜಾಲದ ಮೂಲಕ ಕರೆಮಾಡಿದನೆಂದು ಭಾವಿಸೋಣ. ಅವನ ದನಿಗಿಂತ ಮುಂಚೆ ಊರನ್ನು ಮುಟ್ಟುವುದು ಅಕ್ಷರರೂಪದ ಒಂದು ಆಹ್ವಾನ. ಇದರ ಕ್ರಮವನ್ನು 1999ರಲ್ಲಿ ಪ್ರಕಟವಾಗಿ 2002ರಲ್ಲಿ ಪರಿಷ್ಕೃತವಾದ ‘ಸಿಪ್’ ಎಂಬ ನಿಯಮಾವಳಿಯು ಗೊತ್ತುಪಡಿಸುತ್ತದೆ. 4ಜಿ ಜಾಲದ ಧ್ವನಿಕರೆಗಳೂ ಇದನ್ನೇ ಅನುಸರಿಸುತ್ತವೆ.

ತಾಯಿಯ ದೂರವಾಣಿಯು ತಾನಿರುವ ವಿಳಾಸವನ್ನು ಸರ್ವರಿನಲ್ಲಿ ಮೊದಲೇ ನೋಂದಾಯಿಸಿರುತ್ತದೆ. ಆದುದರಿಂದ ಆಕೆ ಹತ್ತಿಯ ಹೊಲದಲ್ಲಿದ್ದರೂ ಆಹ್ವಾನವು ದಾರಿತಪ್ಪದು. ಗಂಟೆ ಬಾರಿಸುತ್ತಿದೆಯೆಂದು ಅಲ್ಲಿಂದ ಸುದ್ದಿ ಬರುತ್ತದೆ. ಆಕೆ ಕರೆಯನ್ನು ಸ್ವೀಕರಿಸಿದೊಡನೆ ಸಮ್ಮತಿ. ಅದಕ್ಕೆ ಇತ್ತಣಿಂದ ಸ್ವೀಕೃತಿ. ದನಿಯನ್ನು ಯಾವ ರೂಪದಲ್ಲಿ, ಯಾವ ವಿಳಾಸಕ್ಕೆ ಕಳುಹಿಸಬೇಕೆಂಬುದೂ ಈ ವಿನಿಮಯದಲ್ಲಿಯೇ ನಿಶ್ಚಯವಾಗುತ್ತದೆ.

ಸೋಜಿಗವೆಂದರೆ, ಕರೆಯನ್ನು ಕೂಡಿಸುವ, ಕೊನೆಗೆ ಬಿಡಿಸುವ ಸಿಪ್ ದನಿಯನ್ನು ಹೊರುವುದಿಲ್ಲ. ದನಿಯು ತುಣುಕುಗಳಾಗಿ ಬೇರೆಯೇ ಹಾದಿ ಹಿಡಿಯುತ್ತದೆ. ಗಂಟೆ ಬಾರಿಸಿ, ಕರೆ ಕೂಡಿದ ಮೇಲೂ ತಾಯಿಗೆ ಮಗನ ಮಾತು ಕೇಳಿಸದಿರುವುದು ಹಲವೊಮ್ಮೆ ಆ ಹಾದಿಗೆ ಅಡ್ಡಿಯಾದುದರಿಂದಲೇ.